ಗಾಲಿಯ ಮೇಲೊಂದು ಹಸಿರು ಗೋಡೆ



ಬೆಂಗಳೂರಿನಿಂದ ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ಹೊರಟರೆ ಹೆದ್ದಾರಿಯ ಮೇಲೇ ದೇವರಾಯಸಮುದ್ರ ಸಿಗುತ್ತದೆ. ಸುತ್ತಮುತ್ತ ಬಂಡೆಗುಡ್ಡಗಳ ಸೀಮೆ. ಇಲ್ಲಿಯವರಿಗೆ ಬಂಡೆಯ ಬಿಸಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೂ ಬಂಡೆಯ ಮೈ ಆರುವುದಿಲ್ಲ. ಅದೇ ಬಂಡೆಯ ಬಿರುಕಿನಲ್ಲಿ ಎಲ್ಲೋ ಒಂದು ಆಲದ ಸಸಿ ಬೇರು ಬಿಟ್ಟಿರುತ್ತದೆ. ನಡುಮಧ್ಯಾಹ್ನ ಅದರ ಎಲೆ ಮುಟ್ಟಿ ನೋಡಿ. ಬಂಡೆಗೆ ಬಿದ್ದಷ್ಟೇ ಬಿಸಿಲು ಎಲೆಗೂ ಬಿದ್ದಿದೆ. ಆದರೂ ಎಲೆ ಕೈ ಸುಡುವುದಿಲ್ಲ.

ನಮ್ಮ ಪಟ್ಟಣಗಳು ದಿನದಿಂದ ದಿನಕ್ಕೆ ಬಂಡೆಗುಡ್ಡಗಳೇ ಆಗುತ್ತಿವೆ. ಅಲ್ಲಿ ಆ ಸಸಿಯ ಕೆಲಸ ಮಾಡುವವರು ಯಾರು? ಎಲೆಗಳನ್ನೇ ಆಳೆತ್ತರದ ಹಸಿರು ಗೋಡೆಯಾಗಿ ಜೋಡಿಸಿ, ಅಡಿಗೆ ಗಾಲಿ ಕಟ್ಟಿ, ಬಿಸಿ ಇದ್ದಲ್ಲಿಗೆ ತಳ್ಳಿಕೊಂಡು ಹೋದರೆ ಹೇಗೆ? ಅದರಿಂದ ತಂಪಾದೀತೇ? ಇದೇ ಇವತ್ತಿನ ಮಾತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಂಪಾಗುತ್ತದೆ. ಆದರೆ ಸ್ವಲ್ಪ ಜಾಗಕ್ಕೆ, ನೀರು ಇದ್ದಷ್ಟು ಹೊತ್ತು. ಇನ್ನು ಗಾಲಿಯ ವಿಚಾರ. ಗಿಡವನ್ನು ಪೇಟೆಗೆ ತರುವುದಕ್ಕೆ ಗಾಲಿ ಬೇಕು, ನಿಜ. ಅದಕ್ಕಿಂತ ಹೆಚ್ಚಾಗಿ, ಸೊರಗಿದ ಗಿಡವನ್ನು ತೋಟಕ್ಕೆ ವಾಪಸು ಕರೆದೊಯ್ಯುವುದಕ್ಕೆ ಗಾಲಿ ಬೇಕು.

ಮೊದಲು ಬಿಸಿಯ ಮಾತು. ಕಾಂಕ್ರೀಟು, ಡಾಂಬರು ಹಗಲೆಲ್ಲ ಶಾಖ ಹೀರುತ್ತವೆ. ರಾತ್ರಿ ನಿಧಾನವಾಗಿ ಬಿಡುತ್ತವೆ. ಹಾಗಾಗಿ ಹಳ್ಳಿಯ ಬಯಲು ರಾತ್ರಿ ಎಂಟಕ್ಕೆ ತಣ್ಣಗಾದರೆ ಪೇಟೆಯ ಓಣಿ ಹನ್ನೊಂದಾದರೂ ಆಗುವುದಿಲ್ಲ. ತಂಪಿಗೆ ಹೆಸರಾಗಿದ್ದ ಬೆಂಗಳೂರಿನಲ್ಲೇ 2016ರ ಏಪ್ರಿಲಿನಲ್ಲಿ ಉಷ್ಣಾಂಶ 39 ಡಿಗ್ರಿ ದಾಟಿತು. 2024ರ ಏಪ್ರಿಲಿನಲ್ಲಿ ಮತ್ತೆ 38 ಮೀರಿತು.

ಥರ್ಮಾಮೀಟರ್ ಹೇಳುವುದು ಗಾಳಿಯ ಬಿಸಿಯನ್ನು ಮಾತ್ರ. ನಮ್ಮ ಮೈಗೆ ತಗಲುವ ಬಿಸಿಗೆ ಇನ್ನೊಂದು ದಾರಿಯೂ ಇದೆ. ನಿಮ್ಮೂರಿನ ಬಸ್ ನಿಲ್ದಾಣವನ್ನು ನೆನಪಿಗೆ ತಂದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆ. ತಲೆಯ ಮೇಲೆ ತಗಡು. ಬೆನ್ನಿಗೆ ಸುಣ್ಣ ಬಳಿದ ಗೋಡೆ. ಕಬ್ಬಿಣದ ಆಸನ. ಕೂರುವವರು ಟವೆಲ್ಲನ್ನೋ ಸೆರಗನ್ನೋ ಹಾಸಿಕೊಂಡು ಕೂರುತ್ತಾರೆ. ಅಲ್ಲಿ ಬಿಸಿಲು ಬೀಳುತ್ತಿಲ್ಲ, ನೆರಳೇ ಇದೆ. ಆದರೂ ಬೆವರು ಇಳಿಯುತ್ತದೆ. ಕಾದ ತಗಡು, ಕಾದ ಗೋಡೆ ನೇರವಾಗಿ ನಮ್ಮ ಮೈಗೆ ಶಾಖ ಬೀರುತ್ತಿರುತ್ತವೆ. ಹಸಿರು ಗೋಡೆ ಮೊದಲು ಕೆಲಸ ಮಾಡುವುದು ಇಲ್ಲಿಯೇ. ಅದು ಕಾದ ಗೋಡೆಗೂ ನಮ್ಮ ಬೆನ್ನಿಗೂ ನಡುವೆ ನಿಲ್ಲುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ ಎಂದು ತಿಳಿಯಿತು. ಈಗ, ಎಲೆ ಏಕೆ ಬಿಸಿಯಾಗುವುದಿಲ್ಲ ಎಂಬುದನ್ನು ನೋಡೋಣ.

ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಬೇರು ಹೀರಿದ ನೀರು ಆ ರಂಧ್ರಗಳಿಂದ ಆವಿಯಾಗಿ ಹೊರಡುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಎಲೆಯಿಂದಲೂ ಸುತ್ತಲಿನ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಎಷ್ಟು ಶಾಖ? ಒಂದು ಲೀಟರ್ ನೀರು ಆವಿಯಾದರೆ ಮುಕ್ಕಾಲು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ವಿದ್ಯುತ್ತಿಗೆ ಸಮನಾದ ಶಾಖ ಅದರೊಂದಿಗೆ ಹೋಗುತ್ತದೆ. ಆರಡಿ ಎತ್ತರ, ಆರಡಿ ಅಗಲದ ಒಂದು ಹಸಿರು ಗೋಡೆ ಬೇಸಿಗೆಯ ದಿನ ಹತ್ತು ಲೀಟರ್ ನೀರನ್ನು ಆವಿ ಮಾಡಿತು ಎಂದಿಟ್ಟುಕೊಳ್ಳಿ. ಒಂದು ಟನ್ನಿನ ಎಸಿ ಯಂತ್ರ ಎರಡು ತಾಸು ಓಡಿ ಹೊರಹಾಕುವಷ್ಟು ಶಾಖ ಅದು. ಎಸಿ ಆ ಶಾಖವನ್ನು ಕಿಟಕಿಯಾಚೆ, ಅದೇ ಬೀದಿಗೆ ತಳ್ಳುತ್ತದೆ. ಗಿಡ ಅದನ್ನು ಆವಿಯ ಜೊತೆ ಕಳಿಸಿಬಿಡುತ್ತದೆ.

ಅಂದರೆ ತಂಪು ಬರುವುದು ಹಸಿರು ಬಣ್ಣದಿಂದಲ್ಲ, ನೀರಿನಿಂದ. ಪ್ಲಾಸ್ಟಿಕ್ಕಿನ ಎಲೆಗಳನ್ನು ಗೋಡೆಗೆ ಅಂಟಿಸುವ ಚಾಳಿ ಈಗ ಹೋಟೆಲು, ಅಂಗಡಿಗಳಲ್ಲಿ ಕಾಣುತ್ತದೆ. ಅದೂ ಹಸಿರೇ. ಅದು ಬಿಸಿಲಿಗೆ ಗೋಡೆಯಷ್ಟೇ ಕಾಯುತ್ತದೆ.

ಎಲೆಯ ತಂಪು ನೀರಿನ ತಂಪು. ಇದಿಷ್ಟು ಮನಸ್ಸಿನಲ್ಲಿರಲಿ. ಮುಂದಿನ ಪ್ರಶ್ನೆ: ಈ ತಂಪು ಎಷ್ಟು ದೂರ ಮುಟ್ಟುತ್ತದೆ?

ಸಿಂಗಪುರದಲ್ಲಿ ಬೇರೆ ಬೇರೆ ಬಗೆಯ ಹಸಿರು ಗೋಡೆಗಳನ್ನು ಸಾಲಾಗಿ ನಿಲ್ಲಿಸಿ ಅಳತೆ ಮಾಡಿದರು. 2010ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಗಿಡದ ಹಿಂದಿನ ಗೋಡೆಯ ಮೈ ಬಿಸಿ, ಬರಿಯ ಗೋಡೆಗಿಂತ 11–12 ಡಿಗ್ರಿವರೆಗೆ ಕಡಿಮೆಯಿತ್ತು. ಗಿಡದ ಮುಂದಿನ ಗಾಳಿ, ಒಂದು ಗೇಣಿಗಿಂತ ಹತ್ತಿರದಲ್ಲಿ, ಹೆಚ್ಚೆಂದರೆ ಮೂರು ಡಿಗ್ರಿಯಷ್ಟು ತಣ್ಣಗಿತ್ತು. ಎರಡಡಿ ದೂರ ಹೋದರೆ ವ್ಯತ್ಯಾಸವೇ ಸಿಗುತ್ತಿರಲಿಲ್ಲ.

ಇದರ ಪಕ್ಕದಲ್ಲಿ ಮರವನ್ನು ಇಟ್ಟು ನೋಡಿ. ಬೆಂಗಳೂರಿನದೇ ಲೆಕ್ಕವಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಸಾಲುಮರವಿದ್ದ ರಸ್ತೆ, ಇಲ್ಲದ ರಸ್ತೆಗಳನ್ನು ಹೋಲಿಸಿ ಅಳೆದರು. ಮರದಡಿ ಮಧ್ಯಾಹ್ನದ ಗಾಳಿ ಐದು ಡಿಗ್ರಿಗೂ ಹೆಚ್ಚು ತಣ್ಣಗಿರುವುದುಂಟು. ಡಾಂಬರಿನ ಮೈ ಬಿಸಿಯಂತೂ 27 ಡಿಗ್ರಿವರೆಗೆ ಕಡಿಮೆ. ಮರಕ್ಕೆ ನಿತ್ಯ ನೀರು ಹೊರಬೇಕಾಗಿಲ್ಲ. ಗಾಲಿ ಬೇಡ, ಚೌಕಟ್ಟು ಬೇಡ.

ಆದ್ದರಿಂದ ಯಾರಾದರೂ, ಮರ ಕಡಿಯೋಣ, ಬದಲಿಗೆ ಹಸಿರು ಗೋಡೆ ಇಡೋಣ ಎಂದರೆ ಒಪ್ಪಬೇಡಿ. ಗೋಡೆ ಮರಕ್ಕೆ ಬದಲಿಯಲ್ಲ. ಮರ ನೆಡಲು ಜಾಗವೇ ಇಲ್ಲದ ಕಡೆ, ಇಲ್ಲವೇ ನೆಟ್ಟ ಮರ ಬೆಳೆದು ನಿಲ್ಲುವ ತನಕ, ಅದೂ ಜನ ಎರಡಡಿಯೊಳಗೆ ಕೂರುವ ಜಾಗದಲ್ಲಿ ಅದರ ಪ್ರಯೋಜನ. ಬಸ್ ನಿಲ್ದಾಣದ ಆಸನದ ಬೆನ್ನಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ನಿಲ್ಲುವ ಸಾಲಿನ ಪಕ್ಕಕ್ಕೆ. ತಗಡಿನ ಸೂರಿನಡಿ ನಡೆಯುವ ಅಂಗನವಾಡಿಯ ಬಾಗಿಲಿಗೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲರು ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಮೂಲೆಗೆ. ವೃತ್ತದ ನಡುವೆ, ವಾಹನಗಳು ಸುತ್ತುವ ಜಾಗದಲ್ಲಿ ಇಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಎಲೆ ನೀರಿನಿಂದ ತಂಪು, ಅದರ ತಂಪು ಹತ್ತಿರದವರಿಗೆ ಮಾತ್ರ. ಇಲ್ಲಿಯವರೆಗೆ ಆದ ಮಾತು ಇದು. ಇನ್ನು ನಮ್ಮ ರಾಜ್ಯದಲ್ಲಿ ಏನಾಗಿದೆ ನೋಡೋಣ.

2017ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಮೇಲ್ಸೇತುವೆಯ ಕಂಬವೊಂದಕ್ಕೆ ಸೇ ಟ್ರೀಸ್ ಎಂಬ ಸಂಸ್ಥೆ ಹಸಿರಿನ ಅಂಗಿ ತೊಡಿಸಿತು. ಸುಮಾರು 3,500 ಸಣ್ಣ ಗಿಡಗಳು. ಹನಿ ನೀರಾವರಿ. ಜನ ನಿಂತು ನೋಡಿದರು. ಆಮೇಲೆ ನಗರದ ಇನ್ನಷ್ಟು ಕಂಬಗಳಿಗೆ ಕುಂಡಗಳು ಬಂದವು. ಕೆಲವು ಕಡೆ ಚೆನ್ನಾಗಿ ಬೆಳೆದವು. ಹಲವು ಕಡೆ ಒಣಗಿದವು. ಕಪ್ಪು ಪ್ಲಾಸ್ಟಿಕ್ ಕುಂಡ, ಅದರಲ್ಲಿ ಒಂದು ಹಿಡಿ ಒಣ ಪುಡಿ, ಜೋತುಬಿದ್ದ ಸಣ್ಣ ಕೊಳವೆ. ಇಂಥ ಕಂಬಗಳನ್ನು ನೀವೂ ನೋಡಿರಬಹುದು.

ಏಕೆ ಒಣಗುತ್ತವೆ? ಮೇಲ್ಸೇತುವೆಯ ಅಡಿಯಲ್ಲಿ ಮಳೆ ಬೀಳುವುದಿಲ್ಲ. ಒಂದು ಮುಖಕ್ಕೆ ಸುಡುವ ಬಿಸಿಲು, ಇನ್ನೊಂದು ಮುಖಕ್ಕೆ ದಿನವಿಡೀ ಕತ್ತಲೆ. ಎಲೆಯ ಮೇಲೆ ಧೂಳು, ಹೊಗೆ. ಕುಂಡದಲ್ಲಿ ಹಿಡಿಯಷ್ಟೇ ಮಣ್ಣು. ಹನಿ ಕೊಳವೆಯ ಬಾಯಿ ಕಟ್ಟಿದರೆ ಎರಡೇ ದಿನದಲ್ಲಿ ಗಿಡ ಬಾಡುತ್ತದೆ. ದುರಸ್ತಿ ಮಾಡಲು ಏಣಿ ಬೇಕು, ರಸ್ತೆ ತಡೆಯಬೇಕು. ನೆಡುವುದಕ್ಕೆ ಹಣ ಸಿಗುತ್ತದೆ, ನೋಡಿಕೊಳ್ಳುವುದಕ್ಕೆ ಸಿಗುವುದಿಲ್ಲ. ಗಿಡಕ್ಕೆ ಕಾಯಿಲೆ ಬಂದರೆ ಅದು ಅಲ್ಲೇ ನಿಂತು ಸಾಯಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಗಾಲಿ ಆ ದಾರಿಯನ್ನು ಕೊಡುತ್ತದೆ. ಅದಕ್ಕೊಂದು ಮಾದರಿ ನಮ್ಮಲ್ಲೇ ಇದೆ.

ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. 1967ರಲ್ಲಿ ಶುರುವಾದದ್ದು. ಕೋಲಾರದ ಟೊಮೆಟೊ ಬೆಳೆಗಾರರಿಗೆ ಅರ್ಕ ರಕ್ಷಕ್ ತಳಿಯ ಮೂಲಕ ಆ ಸಂಸ್ಥೆ ಚಿರಪರಿಚಿತ. ಅವರು ಮನೆ ಬಳಕೆಗೆಂದು ಅರ್ಕ ವರ್ಟಿಕಲ್ ಗಾರ್ಡನ್ ಎಂಬ ಒಂದು ಸ್ಟ್ಯಾಂಡನ್ನು ರೂಪಿಸಿದ್ದಾರೆ. ಅದು ಹೇಗಿದೆ, ಹೇಳುತ್ತೇನೆ ಕೇಳಿ.

ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ. ಅಷ್ಟೇ ಜಾಗ ಸಾಕು. ಆ ಅಳತೆಯ ಲೋಹದ ತಳ, ಅದರಡಿ ಗಾಲಿ. ಬಿಸಿಲು ಬಂದ ಕಡೆಗೆ ತಳ್ಳಬಹುದು, ತಿರುಗಿಸಬಹುದು. ನಡುವೆ ನೆಟ್ಟಗೆ ಒಂದು ಕಂಬ. ಕಂಬದ ಸುತ್ತ ಹಂತ ಹಂತವಾಗಿ ಆಸರೆಗಳು. ಆಸರೆಯ ಮೇಲೆ ಕುಂಡ ಅಥವಾ ಗಿಡದ ಚೀಲ. ಕೆಳಗಿನ ಹಂತದಲ್ಲಿ ಎತ್ತರ ಬೆಳೆಯುವ ಟೊಮೆಟೊ, ಬದನೆ, ಮೆಣಸಿನಕಾಯಿ. ಮೇಲಕ್ಕೆ ಹೋದಂತೆ ಸೊಪ್ಪು. ತುತ್ತತುದಿಯಲ್ಲಿ 25 ಲೀಟರಿನ ಒಂದು ಡಬ್ಬ. ಡಬ್ಬದಿಂದ ಸಣ್ಣ ಕೊಳವೆಗಳು ಇಳಿದು ಒಂದೊಂದು ಕುಂಡಕ್ಕೂ ಹನಿ ಹನಿ ನೀರು ಬಿಡುತ್ತವೆ. ನೀರು ತಾನೇ ಇಳಿಯುತ್ತದೆ, ಪಂಪು ಬೇಡ, ಕರೆಂಟು ಬೇಡ. ಕುಂಡದಲ್ಲಿ ಮಣ್ಣಿನ ಬದಲು ಹುದುಗಿಸಿದ ತೆಂಗಿನ ನಾರಿನ ಪುಡಿ. ಅದು ಹಗುರ, ನೀರನ್ನು ಹಿಡಿದಿಡುತ್ತದೆ.

ಇದು ಮನೆಯ ಮಹಡಿಗೆ ಮಾಡಿದ್ದು. ಇದರ ಉಪಾಯವನ್ನೇ ಬಸ್ ನಿಲ್ದಾಣಕ್ಕೂ ತರಬಹುದು. ಆರಡಿಯ ಚೌಕಟ್ಟು, ಅರವತ್ತು ಸಣ್ಣ ಕುಂಡ, ಮೇಲೊಂದು ಡಬ್ಬ, ಕೆಳಗೆ ನಾಲ್ಕು ಗಾಲಿ. ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುವ ಕೆಲಸ.

ಈಗ ಪಾಳಿಯ ಮಾತು. ಮೂರು ಗೋಡೆ ಮಾಡಿಸಿ. ಎರಡು ಪೇಟೆಯಲ್ಲಿರಲಿ, ಒಂದು ತೋಟದ ನೆರಳುಬಲೆಯ ಕೆಳಗಿರಲಿ. ಹದಿನೈದು ದಿನಕ್ಕೊಮ್ಮೆ ಪೇಟೆಯದೊಂದು ತೋಟಕ್ಕೆ, ತೋಟದ್ದು ಪೇಟೆಗೆ. ತೋಟಕ್ಕೆ ಬಂದ ಗೋಡೆಯ ಎಲೆಗಳ ಧೂಳನ್ನು ಮೊದಲು ತೊಳೆಯಬೇಕು. ಧೂಳು ಕೂತ ಎಲೆಯ ರಂಧ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಟ್ಟಿದ ಹನಿ ಕೊಳವೆ ಬಿಡಿಸಬೇಕು. ಸತ್ತ ಗಿಡ ತೆಗೆದು ಹೊಸದು ಕೂರಿಸಬೇಕು. ಗೊಬ್ಬರದ ನೀರು ಕೊಡಬೇಕು. ಇಷ್ಟು ಆರೈಕೆಯನ್ನು ಮೇಲ್ಸೇತುವೆಯ ಕಂಬಕ್ಕೆ ಮಾಡುವುದು ಕಷ್ಟ, ತೋಟದಲ್ಲಿ ಸಲೀಸು.

ಹಾಗಾದರೆ ಗಾಲಿಯಿಂದ ಆರೈಕೆ ಸುಲಭ ಎಂದಾಯಿತು. ಇನ್ನು ಯಾವ ಗಿಡ? ಇಲ್ಲಿ ಒಂದು ತೊಡಕಿದೆ, ಗಮನವಿಟ್ಟು ಕೇಳಿ.

ಒಣಗದ ಗಿಡ ಕೊಡಿ ಎಂದು ನರ್ಸರಿಯಲ್ಲಿ ಕೇಳಿದರೆ ಸ್ನೇಕ್ ಪ್ಲಾಂಟನ್ನೋ ಕಳ್ಳಿಯನ್ನೋ ಕೊಡುತ್ತಾರೆ. ತಿಂಗಳು ನೀರು ಹಾಕದಿದ್ದರೂ ಅವು ಬದುಕುತ್ತವೆ. ಅದರ ಗುಟ್ಟೇನು? ಅವು ಹಗಲು ಹೊತ್ತು ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ನೀರು ಉಳಿಯುತ್ತದೆ. ಆದರೆ ರಂಧ್ರ ಮುಚ್ಚಿದರೆ ಆವಿ ಇಲ್ಲ, ಆವಿ ಇಲ್ಲದಿದ್ದರೆ ತಂಪೂ ಇಲ್ಲ. ನೀರು ಕುಡಿಯದ ಗಿಡ ನಿಮ್ಮನ್ನು ತಣ್ಣಗೂ ಇಡುವುದಿಲ್ಲ. ಚಂದಕ್ಕಾದರೆ ಅವು ಇರಲಿ. ತಂಪಿಗಾದರೆ ಹಗಲು ಹೊತ್ತು ರಂಧ್ರ ತೆರೆದಿಡುವವು ಬೇಕು. ನೆರಳಿರುವ ಕಡೆ ಮನಿ ಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್. ಬಿಸಿಲಿರುವ ಕಡೆ ಬಸಳೆ. ಕೆಳಗಿನ ತೇವದ ಸಾಲಿಗೆ ಒಂದೆಲಗ, ಪುದೀನ. ಆದರೆ ಒಂದು ಎಚ್ಚರ. ಹೆದ್ದಾರಿಯ ಪಕ್ಕ ನಿಂತ ಗೋಡೆಯ ಸೊಪ್ಪನ್ನು ಅಡುಗೆಗೆ ಕೀಳಬೇಡಿ. ಅದರ ಮೇಲೆ ಹೊಗೆಯ ಮಸಿ ಕೂತಿರುತ್ತದೆ.

ಗಿಡ ಆಯಿತು. ನೀರು ಕುಡಿಯುವ ಗಿಡವೇ ಬೇಕು ಎಂದೂ ಆಯಿತು. ಹಾಗಾದರೆ ಬರದ ಸೀಮೆಯಲ್ಲಿ ನೀರು ಎಲ್ಲಿಂದ?

ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಬಾರದ ಕೊಳವೆಬಾವಿಗಳಿವೆ. ಇಲ್ಲಿ ಒಂದು ಲೀಟರಿಗೂ ಲೆಕ್ಕ ಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲೇ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಅದು ಸರಿಯಾದ ಮಾತು. ಹಸಿರು ಗೋಡೆಗೆ ಕುಡಿಯುವ ನೀರು ಕೂಡದು.

ಗೋಡೆ ದಿನಕ್ಕೆ ಹತ್ತು ಲೀಟರ್ ಆವಿ ಮಾಡುತ್ತದೆ ಎಂದಿಟ್ಟುಕೊಂಡೆವಲ್ಲ, ಹತ್ತರಿಂದ ಹದಿನೈದು ಲೀಟರ್ ಹಾಕಿದರೆ ಸಾಕು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಇದಕ್ಕಿಂತ ಎಷ್ಟೋ ಹೆಚ್ಚು ಚರಂಡಿಗೆ ಹೋಗುತ್ತದೆ. ಸೋಪು ಬೆರೆಯದ ಆ ನೀರನ್ನು ಬಟ್ಟೆಯಲ್ಲಿ ಸೋಸಿ ಅಂದಂದೇ ಬಳಸಬಹುದು. ಸೋಸದಿದ್ದರೆ ಹನಿ ಕೊಳವೆಯ ಬಾಯಿ ಕಟ್ಟುತ್ತದೆ.

ಹಳ್ಳಿ ಹಳ್ಳಿಯಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅವು ಹೊರಬಿಡುವ ನೀರನ್ನು ಗಿಡಕ್ಕೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಾಗೇ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಹೆಚ್ಚು. ಸಣ್ಣ ಕುಂಡದಲ್ಲಿ ಉಪ್ಪು ಕೂಡುತ್ತಾ ಹೋಗಿ ಎಲೆಯ ಅಂಚು ಕಂದಾಗಿ ಸುಟ್ಟುಕೊಳ್ಳುತ್ತದೆ. ಇನ್ನೊಂದು ಮಾತು. ಡಬ್ಬಕ್ಕೆ ಮುಚ್ಚಳವಿರಲಿ. ಕುಂಡದಡಿ ತಟ್ಟೆಯಲ್ಲಿ ನೀರು ನಿಲ್ಲದಿರಲಿ. ತಂಪು ಕೊಡಲು ಹೋಗಿ ಡೆಂಗಿ ಸೊಳ್ಳೆ ಸಾಕಬಾರದು.

ತೂಕ ಮತ್ತು ಗಾಳಿಯ ವಿಚಾರವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ನೆನೆದ ಕುಂಡ, ಡಬ್ಬ, ಕಬ್ಬಿಣ ಎಲ್ಲ ಸೇರಿ ಇಂಥ ಗೋಡೆ ಸುಮಾರು 200 ಕಿಲೋ ತೂಗುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದು ಉರುಳಿದರೆ ಪಕ್ಕದಲ್ಲಿರುವವರಿಗೆ ಅಪಾಯ. ಆದ್ದರಿಂದ ತಳದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು, ಗಾಲಿಗೆ ಬಿರಿ ಇರಬೇಕು, ಕಂಬಕ್ಕೋ ಗೋಡೆಗೋ ಕೊಂಡಿ ಹಾಕಬೇಕು.

ಎಲ್ಲಿ ಇಡಬೇಕು, ಯಾವ ಗಿಡ, ಯಾವ ನೀರು ಎಂಬುದಾಯಿತು. ಉಳಿದದ್ದು ಒಂದೇ. ಇದನ್ನು ಸಾಕುವವರು ಯಾರು?

ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಕಸುಬು ಕಾಣುತ್ತದೆ. ದೇವರಾಯಸಮುದ್ರದಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರ್. ಮಾಲೂರಿನಿಂದ ಇನ್ನೂ ಹತ್ತಿರ. ಮಾಲೂರಿನವರಿಗೆ ಪಾಲಿಹೌಸಿನಲ್ಲಿ ಹೂ ಬೆಳೆದು ಗೊತ್ತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಟ್ರೇಗಳಲ್ಲಿ ಟೊಮೆಟೊ ಸಸಿ ಬೆಳೆಸಿ ಗೊತ್ತು. ನಾರಿನ ಪುಡಿ, ಹನಿ ಕೊಳವೆ, ನೆರಳುಬಲೆ ಇಲ್ಲಿಯ ರೈತರಿಗೆ ಹೊಸದಲ್ಲ. ಟೊಮೆಟೊ ಬೆಲೆ ಒಂದು ವಾರ ಏರುತ್ತದೆ, ಮರುವಾರ ಹಣ್ಣನ್ನೇ ರಸ್ತೆಗೆ ಸುರಿಯುವಂತಾಗುತ್ತದೆ. ಅಂಥ ಬೆಳೆಗಾರರಿಗೆ ಹಸಿರು ಗೋಡೆ ಸಾಕಿ ತಿಂಗಳ ಬಾಡಿಗೆಗೆ ಕೊಡುವುದು ಒಂದು ಪಕ್ಕದ ಆದಾಯವಾಗಬಹುದು. ಆದರೆ ಬಾಡಿಗೆ ಪತ್ರದಲ್ಲಿ ಒಂದು ಸಾಲು ಇರಲೇಬೇಕು. ಬಾಡಿದ ಗೋಡೆಯನ್ನು ತಂದುಕೊಟ್ಟವರೇ ವಾಪಸು ಒಯ್ದು ಬದಲಿ ಕೊಡತಕ್ಕದ್ದು. ಬಾಡಿಗೆಗೆ ಪಡೆಯುವವರು ಗಿಡಕ್ಕೆ ದುಡ್ಡು ಕೊಡಬಾರದು, ಗಿಡ ಜೀವಂತವಾಗಿದ್ದ ದಿನಗಳಿಗೆ ಕೊಡಬೇಕು.

ಬೆಂಗಳೂರು ಬಳಸಿದ ನೀರು ಶುದ್ಧೀಕರಣಗೊಂಡು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧಮಾಡಿ ಕೊಡಿ ಎಂಬ ಕೂಗು ಇಲ್ಲಿ ಮೊದಲಿನಿಂದ ಇದೆ, ಅದು ನ್ಯಾಯವಾದದ್ದೇ. ನೀರು ಅಲ್ಲಿಂದ ಇಲ್ಲಿಗೆ ಬರುವಾಗ ಹಸಿರು ಇಲ್ಲಿಂದ ಅಲ್ಲಿಗೆ ಹೋಗಬಹುದು, ಅದರ ಕೂಲಿ ಇಲ್ಲಿಯ ರೈತನಿಗೆ ಸಿಗಬಹುದು.

ಕೊನೆಯ ಅಂಶಕ್ಕೆ ಬರುತ್ತೇನೆ. ಎಲೆಯ ತಂಪು ನೀರಿನದು. ಅದು ಹತ್ತಿರ ಕೂತವರಿಗೆ. ಗಾಲಿ ಇರುವುದು ವಾಪಸು ಒಯ್ಯಲು. ಇವಿಷ್ಟನ್ನೂ ಒಪ್ಪಿದರೆ, ಈ ಗೋಡೆ ಎಷ್ಟು ದಿನ ಒಂದೇ ಕಡೆ ಇರಬೇಕು?

ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರಿಂದ ಒಂದು ಪದ್ಧತಿ ನಡೆದುಬಂದಿದೆ. ತೊಟ್ಟಿಗಳಲ್ಲಿ ನೆಟ್ಟ ಹತ್ತು ಹದಿನೈದು ಮರಗಳನ್ನು ಬೋಳು ಬೀದಿಯೊಂದಕ್ಕೆ ತಂದು ನಿಲ್ಲಿಸುತ್ತಾರೆ. ಕೆಲವು ವಾರ ಅವು ಅಲ್ಲಿರುತ್ತವೆ. ಆಮೇಲೆ ಮೆರವಣಿಗೆಯಲ್ಲಿ ಮುಂದಿನ ಬೀದಿಗೆ. ಮರ ಇದ್ದಾಗ ಬೀದಿ ಹೇಗಿತ್ತು, ಹೋದ ಮೇಲೆ ಹೇಗಾಯಿತು ಎಂಬುದು ಅಲ್ಲಿಯವರಿಗೆ ಅನುಭವಕ್ಕೆ ಬರುತ್ತದೆ. ಅವರೇ ನಗರಸಭೆಗೆ ಅರ್ಜಿ ಹಾಕುತ್ತಾರೆ. ಎಷ್ಟೋ ಬೀದಿಗಳಲ್ಲಿ ಹೀಗೆ ಮರಗಳು ಶಾಶ್ವತವಾಗಿ ನೆಲಕ್ಕಿಳಿದಿವೆ. ನೆದರ್ಲೆಂಡ್ಸಿನ ಲೇವಾರ್ಡನ್ ಊರಿನವರು 2022ರ ಬೇಸಿಗೆಯಲ್ಲಿ ಸಾವಿರಕ್ಕೂ ಹೆಚ್ಚು ಮರಗಳನ್ನು ತೊಟ್ಟಿಸಮೇತ ಊರೊಳಗೆ ತಳ್ಳಿಕೊಂಡು ತಿರುಗಿದರು.

ನಮ್ಮ ಪುರಸಭೆಗಳೂ ಇದನ್ನು ಮಾಡಬಹುದು. ಗಾಲಿಯ ಗೋಡೆಯನ್ನು ಮಾರ್ಚಿನಿಂದ ಮೇ ತನಕ ಪೇಟೆಯ ನಾಲ್ಕಾರು ಕಡೆ ಇಟ್ಟು ನೋಡಿ. ಯಾವ ಜಾಗದಲ್ಲಿ ಜನ ಅದರ ಹತ್ತಿರಕ್ಕೆ ಸರಿದು ಕೂರುತ್ತಾರೆ, ಯಾವ ಜಾಗದಲ್ಲಿ ತಿರುಗಿಯೂ ನೋಡುವುದಿಲ್ಲ, ಬರೆದಿಡಿ. ಜನ ಸೇರಿದ ಜಾಗದಲ್ಲಿ ಜೂನ್ ಬಂದ ಕೂಡಲೇ ನಾಲ್ಕಡಿ ಕಾಂಕ್ರೀಟ್ ಒಡೆದು ಒಂದು ಹೊಂಗೆಯನ್ನೋ ಬೇವನ್ನೋ ನೆಡಿ. ಆ ಗಿಡ ಬೆಳೆದು ನೆರಳು ಕೊಡುವವರೆಗೆ ಗೋಡೆ ಅದರ ಪಕ್ಕ ಪಾಳಿ ಮಾಡಲಿ. ಆಮೇಲೆ ಗೋಡೆಯನ್ನು ಮುಂದಿನ ಬೀದಿಗೆ ತಳ್ಳಿ.

ಈ ಕೆಲಸಕ್ಕೆ ಮನಸ್ಸು ಮಾಡುವ ಪಂಚಾಯಿತಿ, ಶಾಲೆ, ಯುವಕ ಸಂಘ, ಸ್ತ್ರೀಶಕ್ತಿ ಸಂಘದವರಲ್ಲಿ ನನ್ನದೊಂದು ಬಿನ್ನಹ. ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ ಏಳು ಸಾಲು ಎಳೆಯಿರಿ. ಒಂದೊಂದು ದಿನದ ಎದುರಿಗೂ ಡಬ್ಬಕ್ಕೆ ನೀರು ತುಂಬುವವರ ಹೆಸರು ಬರೆಯಿರಿ. ಏಳು ಹೆಸರು ತುಂಬಿದರೆ ಗೋಡೆ ಮಾಡಿಸಿ. ತುಂಬದಿದ್ದರೆ ಆ ದುಡ್ಡಿನಲ್ಲಿ ನಾಲ್ಕು ಹೊಂಗೆ ಗಿಡ ನೆಟ್ಟು ಬೇಲಿ ಕಟ್ಟಿ. ಅದೂ ನಷ್ಟದ ಬಾಬಲ್ಲ.